ಸುಂಟಿಕೊಪ್ಪದಿಂದ ಮಡಿಕೇರಿಗೆ, ನಡೆದುಕೊಂಡು

ಓಡುತ್ತೇನೆಂದು ತಮ್ಮನಿಗೆ ಮಾತು ಕೊಟ್ಟ ಮೇಲೆ ಎರಡು ತಿಂಗಳಲ್ಲಿ ಒಂದು ದಿನವೂ ನಾನು ಓಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದಾರಿ, ಬಸ್ಸು, ಚಳಿ, ತಿಂಡಿ ಎಲ್ಲ ಮುಂದೆ ಬರುತ್ತದೆ. ಆದರೆ ಮಡಿಕೇರಿಗೆ ಹೋಗಿಬಂದ ಆ ಮೂರು ದಿನಗಳ ಸಂಗತಿಗೆಲ್ಲ ಇದೇ ಬುಡ.

ಕೊಡಗು ಆಗ ತನ್ನದೇ ಒಂದು ರಾಜ್ಯ. ನಮ್ಮ ಶಿರಂಗಾಲ ಅದರ ಅಂಚಿನ ಊರು. ಶಿರಂಗಾಲಕ್ಕೂ ಕುಶಾಲನಗರಕ್ಕೂ ನಡುವೆ ಎಂಟು ವರ್ಷ ಟಪಾಲು ಚೀಲ ಹೊತ್ತವನು ನಾನು. ಬಸ್ಸು ಬಂದ ಮೇಲೆ ಚೀಲ ಬಸ್ಸು ಹತ್ತಿತು, ನಾನು ಗದ್ದೆಗೆ ಇಳಿದೆ. ಅದಾಗಿ ಮೂರು ವರ್ಷವಾಗಿತ್ತು.

ಸುಂಟಿಕೊಪ್ಪದ ಕಡೆಯ ಒಂದು ಕಾಫಿ ಎಸ್ಟೇಟಿಗೆ ಟಪಾಲಿನವರು ಬೇಕಾಗಿದ್ದರು. ಒಳಗಿನ ತೋಟಗಳಿಗೆ ಗುಡ್ಡದ ಕಾಲುದಾರಿ, ಆನೆ ಕಾಟ ಬೇರೆ. ಹಾಗಾಗಿ ಒಬ್ಬನನ್ನೇ ಕಳಿಸುವ ಪದ್ಧತಿ ಅಲ್ಲಿಲ್ಲ, ಇಬ್ಬರು ಜೊತೆಯಾಗಿ ಹೋಗಬೇಕು. ಆ ಎಸ್ಟೇಟಿನ ಯಜಮಾನರಾದ ದೊರೆ ಅದಕ್ಕೊಂದು ಪಂದ್ಯ ಇಟ್ಟರು. ಒಂದು ಮನೆಯಿಂದ ಇಬ್ಬರು, ಇಬ್ಬರ ನಡುವೆ ಒಂದು ಚೀಲ, ಸುಂಟಿಕೊಪ್ಪದಿಂದ ಮಡಿಕೇರಿಗೆ ದೊಡ್ಡ ರಸ್ತೆಯಲ್ಲೇ ಓಟ. ಇಬ್ಬರಲ್ಲಿ ಹಿಂದೆ ಬಂದವನು ಮುಟ್ಟಿದ ಹೊತ್ತೇ ಲೆಕ್ಕ. ಗೆದ್ದ ಮನೆಯ ಇಬ್ಬರಿಗೂ ಕೆಲಸ.

ನನ್ನ ತಮ್ಮ ಚೆನ್ನನಿಗೆ ಆ ಕೆಲಸ ಬೇಕೇ ಬೇಕಾಗಿತ್ತು. ಸೋಮವಾರಪೇಟೆಯ ಹತ್ತಿರ ಒಂದು ಹುಡುಗಿಯನ್ನು ನೋಡಿ ಬಂದಿದ್ದೆವು. ಹುಡುಗಿಯೂ ಒಪ್ಪಿದ್ದಳು. ಅವಳ ಅಪ್ಪ ಮಾತ್ರ, ‘ಎರಡೆಕರೆ ಗದ್ದೇಲಿ ಅಣ್ಣ ತಮ್ಮ ಇಬ್ರೂ ಉಣ್ಣೋದು ಹೆಂಗೆ? ತಿಂಗಳ ಸಂಬಳ ಇದ್ರೆ ಕೊಡ್ತೀನಿ’ ಎಂದಿದ್ದರು.

ಚೆನ್ನ ದಿನಾ ಬೆಳಕು ಹರಿಯುವ ಮುಂಚೆ ಊರ ಹಿಂದಿನ ದಿಬ್ಬಕ್ಕೆ ಹೋಗಿ ಹತ್ತು ಸಲ ಬಿರುಸಾಗಿ ಹತ್ತಿ ಇಳಿಯುತ್ತಿದ್ದ. ‘ನೀನೂ ಬಾರಣ್ಣ’ ಎಂದು ಕರೆಯುತ್ತಿದ್ದ. ‘ನೀನು ಚಡ್ಡಿ ಹಾಕ್ಕೊಳ್ಳೋಕೆ ಮುಂಚೆ ಟಪಾಲು ಹೊತ್ತವ್ನು ನಾನು. ಹೊಳೆ ಗದ್ದೆಗೆ ಎತ್ತು ಹೊಡ್ಕೊಂಡು ಹೋದಾಗ ಅಲ್ಲೇ ಓಡ್ಕೋತೀನಿ’ ಎಂದೆ. ನಾನು ಅಲ್ಲಿ ಮಾಡುತ್ತಿದ್ದದ್ದು ಹೊಂಗೆ ಮರದಡಿ ಕೂತು ಬೀಡಿ ಸೇದುವುದು. ಮನೆಗೆ ಹೊರಡುವಾಗ ಅಂಗಿಯನ್ನು ಹೊಳೆಯಲ್ಲಿ ಅದ್ದಿ, ಅರ್ಧ ಹಿಂಡಿ ತೊಟ್ಟುಕೊಳ್ಳುತ್ತಿದ್ದೆ. ಚೆನ್ನ ನನ್ನ ಬೆನ್ನು ಮುಟ್ಟಿ ನೋಡಿ, ‘ಭೇಷ್ ಅಣ್ಣ’ ಎನ್ನುತ್ತಿದ್ದ.

ಶನಿವಾರ ಬೆಳಿಗ್ಗೆ ಹೊರಟೆವು. ಕುಶಾಲನಗರಕ್ಕೆ ಹತ್ತು ಮೈಲಿ, ತಲೆಗೆ ನಾಲ್ಕಾಣೆ. ಅಲ್ಲಿ ಬಸ್ಸು ಬದಲಾಯಿಸಿದೆವು. ಏಳನೇ ಹೊಸಕೋಟೆ ಎಂಬ ಊರು ದಾಟಿದ ಮೇಲೆ ಗಾಳಿ ತಣ್ಣಗಾಯಿತು, ರಸ್ತೆಯ ಎರಡೂ ಕಡೆ ಕಾಫಿ ಗಿಡಗಳು ಬಂದವು. ಬಸ್ಸು ಮುಂದಕ್ಕೆ ಏರುತ್ತಾ ತಿಣುಕಿ ನರಳುತ್ತಿತ್ತು. ಆ ಸದ್ದು ಕೇಳಿ ನನಗೆ ಮೊದಲ ಸಲ ಹೆದರಿಕೆಯಾಯಿತು.

ಸುಂಟಿಕೊಪ್ಪದಲ್ಲಿ ಎಸ್ಟೇಟಿನ ರೈಟರು, ಅಂದರೆ ಗುಮಾಸ್ತರು, ಹೆಸರು ಬರೆದುಕೊಂಡರು.

‘ಶಿರಂಗಾಲವೇನಯ್ಯ? ಅಲ್ಲಿ ಗುಡ್ಡ ಎಲ್ಲಿದೆ? ಗದ್ದೆ ಬದು ಹತ್ತಿ ಕಲ್ತ್ರಾ?’

‘ನಮ್ಮಣ್ಣ ಟಪಾಲಿನವ್ನು ಸಾರ್, ಎಂಟು ವರ್ಷ’ ಎಂದ ಚೆನ್ನ.

‘ಹಂಗಾದ್ರೆ ಚೀಲದ ಬಗ್ಗೆ ನಾನು ಹೇಳೋದೇ ಬೇಡ.’

ಅಲ್ಲಿನ ಮಲಯಾಳಿ ಕಾಕಾನ ಹೋಟೆಲಿನಲ್ಲಿ ಅಕ್ಕಿ ಹಿಟ್ಟಿನ ಪುಟ್ಟು, ಕಡಲೆ ಸಾರು ತಿಂದೆವು. ಬಿಸಿಯಾಗಿತ್ತು, ರುಚಿಯಾಗಿತ್ತು. ಮಲಗಲು ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಒಂದು ಖಾಲಿ ಕೋಣೆ ಕೊಟ್ಟರು. ಚೆನ್ನ ಲೈನಿನ ಮನೆಗಳನ್ನು ಒಂದೊಂದಾಗಿ ನೋಡಿ ಬಂದು, ‘ಇಂಥದ್ದೇ ಒಂದು ಕೊಡ್ತಾರಂತೆ ಕಣಣ್ಣ. ಒಲೆ ಹೊಗೆ ಹೊರಗೆ ಹೋಗುತ್ತೆ, ನೋಡ್ದೆ’ ಎಂದ. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಓಟ ಶುರುವಾಯಿತು. ಹನ್ನೊಂದು ಜೊತೆ ನಿಂತಿದ್ದೆವು. ಚೀಲಕ್ಕೆ ಐದು ಸೇರು ಭತ್ತ ತುಂಬಿಸಿದ್ದರು. ಮಂಜು ಎಷ್ಟಿತ್ತೆಂದರೆ ಮುಂದೆ ಓಡುವವರ ಕಾಲಿನ ಸದ್ದು ಕೇಳುತ್ತಿತ್ತೇ ಹೊರತು ಕಾಲು ಕಾಣುತ್ತಿರಲಿಲ್ಲ. ಚೀಲ ನಾನೇ ಹೊತ್ತು ಎಲ್ಲರಿಗಿಂತ ಮುಂದೆ ಹಾರಿದೆ. ಒಂದು ಮೈಲಿ ನಾನು ಹಳೆಯ ಟಪಾಲಿನವನೇ. ‘ನಿಧಾನ ಅಣ್ಣ, ಇನ್ನೂ ಒಂಬತ್ತು ಮೈಲಿ ಐತೆ’ ಎಂದ ಚೆನ್ನ ಹಿಂದಿನಿಂದ.

ಕೆದಕಲ್ ಬರುವ ಮುಂಚೆಯೇ ಉಸಿರು ಮುಗಿಯಿತು. ನಿಜ ಹೇಳಬೇಕೆಂದರೆ, ಟಪಾಲಿನವನ ಓಟ ಓಟವೇ ಅಲ್ಲ. ಅದು ಓಟಕ್ಕೂ ನಡಿಗೆಗೂ ನಡುವಿನ ಒಂದೇ ಹದದ ಹೆಜ್ಜೆ, ಅದೂ ಹೊಳೆ ಬದಿಯ ಸಮತಟ್ಟು ದಾರಿಯಲ್ಲಿ. ಬಿರುಸಾಗಿ ಏರು ಹತ್ತುವ ಓಟ ನನಗೆ ಯಾವತ್ತೂ ಗೊತ್ತಿರಲಿಲ್ಲ. ಎಂಟು ವರ್ಷದ ಹೆಮ್ಮೆಯಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ. ಪಕ್ಕೆ ಹಿಡಿದುಕೊಂಡಿತು. ನಾನು ನಡೆಯತೊಡಗಿದೆ.

ಚೆನ್ನ ಚೀಲ ತೆಗೆದುಕೊಂಡ. ಮುಂದಿನ ತಿರುವಿನವರೆಗೆ ಓಡುವನು, ನಾನು ಕಾಣದಿದ್ದರೆ ತಿರುಗಿ ಇಳಿದು ಬರುವನು, ಮತ್ತೆ ಹತ್ತುವನು. ಭತ್ತದ ಚೀಲ ಹೊತ್ತು ಅವನು ಒಂದೊಂದು ಏರನ್ನೂ ಎರಡೆರಡು ಸಲ ಹತ್ತಿದ. ಒಂದು ಜೊತೆಯವರು ನಮ್ಮನ್ನು ದಾಟುವಾಗ, ‘ಅಣ್ಣನ್ನೂ ಚೀಲಕ್ಕೆ ಹಾಕ್ಕೊಳ್ಳಯ್ಯ’ ಎಂದು ನಕ್ಕರು. ಬೋಯಿಕೇರಿ ದಾಟಿದ ಮೇಲೆ ಮಂಜು ಸರಿದು ಬಿಸಿಲು ಬಂತು. ಮಡಿಕೇರಿಯವರೆಗಿನ ರಸ್ತೆ ಸುತ್ತಿ ಸುತ್ತಿ ಏರುವುದು ಪೂರ್ತಿ ಕಾಣಿಸಿತು. ನಾನು ಮೈಲಿಗಲ್ಲಿನ ಮೇಲೆ ಕೂತೆ.

‘ನೀನು ಹೋಗು’ ಎಂದೆ.

‘ನಾನೊಬ್ನೇ ಹೋಗಿ ಏನ್ ಮಾಡ್ಲಣ್ಣ? ಲೆಕ್ಕ ನಿಂದು’ ಎಂದ. ಕೋಪದಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ. ಕೈ ಹಿಡಿದು ಎಬ್ಬಿಸಿದ.

ನಮ್ಮ ಹಿಂದೆ ಉಳಿದದ್ದು ಒಂದೇ ಜೊತೆ, ಅವರಲ್ಲಿ ಒಬ್ಬನಿಗೆ ಕಾಲು ಉಳುಕಿತ್ತು. ಮಡಿಕೇರಿ ಮುಟ್ಟಿದಾಗ ಗೆದ್ದವರು ಆಗಲೇ ಕಾಫಿ ಕುಡಿದು ಮುಗಿಸಿದ್ದರು.

‘ಏನಯ್ಯ ಟಪಾಲು, ಕಾಗದ ದಾರೀಲೇ ಓದ್ಕೊಂಡು ಬಂದ್ಯಾ?’ ಎಂದರು ರೈಟರು.

‘ಪುಟ್ಟು ಹಿಡಿಸಲಿಲ್ಲ ಸಾರ್, ಹೊಟ್ಟೆ ಕೆಟ್ಟಿತು’ ಎಂದೆ.

ಅದೇ ಪುಟ್ಟನ್ನು ನನಗಿಂತ ಹೆಚ್ಚು ತಿಂದಿದ್ದ ಚೆನ್ನ, ‘ಹೌದು ಸಾರ್’ ಎಂದ.

ಆ ದಿನ ಕಾಲು ಏಳದೆ ಮಡಿಕೇರಿಯ ಛತ್ರದಲ್ಲೇ ಉಳಿದು, ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಕೋಳಿ ಬುಟ್ಟಿ ಇಟ್ಟುಕೊಂಡ ಒಬ್ಬರು ಅಜ್ಜಿ ಎದುರು ಕೂತಿದ್ದರು. ನಾವು ಹತ್ತುವುದನ್ನು ನೋಡಿ, ‘ಇಬ್ರೂ ಕುಂಟ್ತಿದ್ದೀರಲ್ಲ, ಯಾರು ಯಾರಿಗೆ ಹೊಡೆದ್ರಪ್ಪ?’ ಎಂದು ಕೇಳಿದರು. ಚೆನ್ನ ಪಂದ್ಯದ ಕತೆ ಹೇಳಿದ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ನಿಮ್ಮಣ್ಣಂಗೆ ಓಡಿ ಅಭ್ಯಾಸ ಇರ್ಲಿಲ್ವೇನೋ.’

‘ಹಂಗನ್ಬೇಡಿ ಅಜ್ಜಿ. ಎರಡು ತಿಂಗಳು ದಿನಾ ಓಡಿದಾನೆ. ಮನೆಗೆ ಬಂದಾಗ ಅಂಗಿ ಹಿಂಡಿದ್ರೆ ನೀರು ಸುರಿಯೋದು, ನಾನೇ ಮುಟ್ಟಿ ನೋಡಿದೀನಿ. ನಿನ್ನೆ ಹೊಟ್ಟೆ ಸರಿಯಿರ್ಲಿಲ್ಲ, ಅಷ್ಟೆ.’

ಅಜ್ಜಿ ತಲೆಯಾಡಿಸಿ, ‘ಪಾಪ’ ಎಂದು ನನಗೊಂದು ಕಿತ್ತಳೆ ಕೊಟ್ಟರು. ಕೈಯಲ್ಲಿ ಹಿಡಿದುಕೊಂಡೆ. ಸುಂಟಿಕೊಪ್ಪದಲ್ಲಿ ಅವರು ಇಳಿದು ಹೋದರು. ಕುಶಾಲನಗರ ಬಂದರೂ ಅದನ್ನು ಸುಲಿಯಲಾಗಲಿಲ್ಲ.

ಊರಿಗೆ ಅರ್ಧ ಮೈಲಿ ಮೊದಲೇ, ಹೊಳೆ ಗದ್ದೆಯ ಹತ್ತಿರ ಚೆನ್ನ ಬಸ್ಸು ನಿಲ್ಲಿಸಿದ. ಕಾಲಿಗೆ ತಣ್ಣೀರು ಬೇಕು ಎಂದ. ಇಬ್ಬರೂ ಹೊಳೆಗಿಳಿದು ಕಲ್ಲಿನ ಮೇಲೆ ಕೂತೆವು. ಅವನ ಅಂಗಾಲು ಬೊಬ್ಬೆಯೊಡೆದು ಕೆಂಪಾಗಿತ್ತು. ಕಿತ್ತಳೆಯನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಸುಲಿದು ಅರ್ಧ ನನಗೇ ತಿರುಗಿ ಕೊಟ್ಟ.

‘ಇನ್ನೊಂದ್ಸಲ ಯಾರಾದ್ರೂ ಪಂದ್ಯ ಇಟ್ರೆ, ನಾನೂ ಇಲ್ಲಿಗೇ ಬರ್ತೀನಿ ಕಣಣ್ಣ. ನಿನ್ನ ಜೊತೇಲೇ ಓಡ್ತೀನಿ’ ಎಂದ. ದಡದ ಉದ್ದಕ್ಕೂ ಕಣ್ಣಾಡಿಸಿ ಕೇಳಿದ: ‘ನೀನು ಎಲ್ಲಿಂದ ಎಲ್ಲೀಗಂಟ ಓಡ್ತಿದ್ದೆ?’

ತೋರಿಸಲು ನನಗೆ ಜಾಗವೇ ಇರಲಿಲ್ಲ. ಹೊಂಗೆ ಮರ ಇತ್ತು, ನಾವು ಕೂತ ಆ ಕಲ್ಲು ಇತ್ತು.

‘ಓಡ್ಲಿಲ್ಲ ಚೆನ್ನ’ ಎಂದೆ. ‘ಒಂದಿನಾನೂ ಓಡ್ಲಿಲ್ಲ. ಇದೇ ಕಲ್ಲಿನ ಮೇಲೆ ಕೂತು ಅಂಗೀನ ನೀರಲ್ಲಿ ಅದ್ದಿ ಹಾಕ್ಕೊಂಡು ಬರ್ತಿದ್ದೆ. ನೀನು ಮುಟ್ಟಿ ನೋಡಿದ್ದು ಹೊಳೆ ನೀರು. ಪುಟ್ಟೂ ಸುಳ್ಳು. ನಾಳೆ ಸೋಮವಾರಪೇಟೆಗೆ ಹೋಗಿ ಹುಡುಗಿ ಅಪ್ಪಂಗೆ ನಾನೇ ಹೇಳ್ತೀನಿ, ಸೋತವ್ನು ನೀನಲ್ಲ ಅಂತ. ನಿನ್ನ ಕೆಲಸ ಕಳೆದವ್ನು ನಾನು. ತಪ್ಪಾಯ್ತು ಕಣಪ್ಪ.’