ಬಾಗಿಲ ಹೊರಗಿನ ಶೂ

ಮೊನ್ನೆ ಮೊಮ್ಮಗಳು ದ್ರಾಕ್ಷಿ ರಸದ ಡಬ್ಬಿ ಒಡೆದಳು. ಆ ವಾಸನೆ ನನ್ನನ್ನು ಹಳೆಯ ದಿನಗಳಿಗೆ ಎಳೆದುಕೊಂಡು ಹೋಯಿತು. ಎಂಬತ್ತರ ದಶಕದಲ್ಲಿ, ಸೌದಿಯ ಥುಕ್ಬಾದ ನಮ್ಮ ಬಾಡಿಗೆ ಮನೆಯಲ್ಲಿ, ಅಲ್ಲಿನ ರಜೆಯ ದಿನ ಶುಕ್ರವಾರ ಬೆಳಿಗ್ಗೆ ಇದೇ ರಸವನ್ನು ಲೋಟಕ್ಕೆ ಬಗ್ಗಿಸಿ, ಖುಬ್ಸ್ ರೊಟ್ಟಿ ಮುರಿದು ಯೇಸುವಿನ ನೆನಪಿಗೆ ಕರ್ತನ ಭೋಜನ ಮಾಡುತ್ತಿದ್ದೆವು. ಎಲ್ಲವೂ ಕದ್ದುಮುಚ್ಚಿ. ಕ್ರೈಸ್ತರು ಹಾಗೆ ಸೇರಲು ಅಲ್ಲಿ ಅನುಮತಿ ಇರಲಿಲ್ಲ. ಸಿಕ್ಕಿಬಿದ್ದರೆ ಮನೆ ಹಿಡಿದಿದ್ದ ನನ್ನ ಗಂಡನಿಗೇ ಮೊದಲು ಜೈಲು. ಏಸಿ ಜೋರಾಗಿ ಹಾಕಿ ಗಂಟಲೊಳಗೇ ಹಾಡುತ್ತಿದ್ದೆವು.

ರೊಟ್ಟಿ ಮುರಿಯುತ್ತಿದ್ದವರು ಮಹಡಿಯ ಬ್ರದರ್. ನಮ್ಮ ಮೇಲಿನ ಮನೆಯವರು, ಕಪ್ಪು ಅಮೆರಿಕನ್, ವೆಲ್ಡಿಂಗ್ ಕಲಿಸುವವರು. ಆನೆಯಂಥ ಆಳು, ಸ್ವರ ಮಾತ್ರ ಮೆತ್ತಗೆ. ಹುಡುಗನಾಗಿದ್ದಾಗ ಬಿಳಿಯರ ಚರ್ಚಿನ ಬಾಗಿಲಲ್ಲೇ ಅವರನ್ನು ತಡೆದು ವಾಪಸು ಕಳುಹಿಸಿದ್ದರಂತೆ. ಒಮ್ಮೆ ಇದನ್ನು ಹೇಳಿದಾಗ, ಹೊಸದಾಗಿ ಬರತೊಡಗಿದ್ದ ಬಿಳಿಯ ಅಮೆರಿಕನ್ ಒಬ್ಬರು ತಲೆ ತಗ್ಗಿಸಿದರು. ತಾನೂ ಅದೇ ಸೀಮೆಯವನು, ಅಂಥ ಬಾಗಿಲು ಕಾದವರಲ್ಲಿ ತನ್ನ ಅಪ್ಪನೂ ಇದ್ದ ಎಂದರು. ಅಂದಿನಿಂದ ಅವರಿಬ್ಬರ ನಡುವೆ ನಾನು ಕೂರುವುದು ವಾಡಿಕೆಯಾಯಿತು. ರೊಟ್ಟಿ ನನ್ನ ಕೈ ದಾಟಿಯೇ ಹೋಗಬೇಕು. ದೇವರು ಒಬ್ಬನೇ, ಆದರೂ ಮಧ್ಯೆ ಒಬ್ಬಳು ಮಂಗಳೂರಿನವಳು ಬೇಕಿತ್ತು!

ನಮ್ಮೂರಿನವರಿಗೆ ಚಪ್ಪಲಿ ಹೊರಗೆ ಬಿಡುವ ಅಭ್ಯಾಸ. ರಾಶಿ ಕಂಡರೆ ಗುಟ್ಟು ರಟ್ಟಾದೀತೆಂದು ಎಲ್ಲವನ್ನೂ ಬಚ್ಚಲಲ್ಲಿ ಅಡಗಿಸುತ್ತಿದ್ದೆವು. ಅಮೆರಿಕದವರು ಶೂ ಹಾಕಿಕೊಂಡೇ ಬರುತ್ತಿದ್ದರು. ಒಂದು ಶುಕ್ರವಾರ ತಡವಾಗಿ ಬಂದ ಬಿಳಿಯ ಬ್ರದರ್, ನಮ್ಮ ಮರ್ಯಾದೆಯಂತೆ ನಡೆಯೋಣವೆಂದು ಶೂ ಹೊರಗೇ ಬಿಟ್ಟಿದ್ದರು.

ಸ್ವಲ್ಪ ಹೊತ್ತಿನಲ್ಲಿ ಯಾರೋ ಬಾಗಿಲು ಬಡಿದರು. ನನ್ನ ಗಂಡ ಕಿಂಡಿಯಲ್ಲಿ ನೋಡಿ ಬಿಳಿಚಿಕೊಂಡರು.

“ಪೊಲೀಸರು ಮಾರಾಯ್ತಿ. ಹೊರಗೆ ಯಾರದ್ದೋ ಶೂ ಉಂಟು.”

ಮಹಡಿಯ ಬ್ರದರ್ ನಮ್ಮನ್ನೆಲ್ಲ ಒಳಕೋಣೆಗೆ ಅಟ್ಟಿ, ತಮ್ಮ ಶೂ ಕಳಚಿ, ಹೋಗಿ ಬಾಗಿಲು ತೆರೆದರು. ಶೂ ತನ್ನದು, ಮನೆಯವರು ಊರಲ್ಲಿಲ್ಲ, ಪ್ರಾರ್ಥಿಸುತ್ತಿದ್ದುದು ತಾನೊಬ್ಬನೇ ಎಂದರು. ಹಾಕಿಕೋ ಎಂದು ಪೊಲೀಸರು ಸನ್ನೆ ಮಾಡಿದ್ದು ಬಾಗಿಲ ಸಂದಿಯಲ್ಲಿ ಕಂಡಿತು. ಆ ಕಾಲಿಗೆ ಆ ಶೂ ಹಿಡಿಯಲಿಲ್ಲ. ಕತ್ತಲ ಕೋಣೆಯಲ್ಲಿ ನಾನು ಗಂಡನ ತೋಳು ಗಟ್ಟಿಯಾಗಿ ಹಿಡಿದೆ, ಇನ್ನು ಮುಗಿಯಿತು ಎಂದುಕೊಂಡೆ.

ಆಗ ನಮ್ಮ ಪಕ್ಕದಿಂದ ಬಿಳಿಯ ಬ್ರದರ್ ಎದ್ದು, ಬರಿಗಾಲಲ್ಲೇ ಹೊರಗೆ ನಡೆದರು.

“ಶೂ ನನ್ನದು. ಇವನು ನನ್ನ ಅಣ್ಣ. ನಾವಿಬ್ಬರೇ ಇದ್ದದ್ದು.”

ಒಳಕೋಣೆಯತ್ತ ಯಾರೂ ಬರಲಿಲ್ಲ. ಇಬ್ಬರನ್ನೂ ಕರೆದುಕೊಂಡು ಹೋದರು. ಆಮೇಲೆ ಅವರ ದೇಶಕ್ಕೆ ಕಳುಹಿಸಿದರೆಂದು ಸುದ್ದಿ ಬಂತು. ವಿಚಾರಿಸಲೂ ನಮಗೆ ಹೆದರಿಕೆ...

ಇಲ್ಲಿ ಊರಲ್ಲಿ ಈಗ ಭಾನುವಾರ ಮೈಕಿನಲ್ಲಿ ಹಾಡುತ್ತೇವೆ. ಗಂಡ ತೀರಿಕೊಂಡು ವರ್ಷಗಳಾದವು. ಆ ಇಬ್ಬರು ಬದುಕಿದ್ದಾರೋ, ತಮ್ಮ ಊರಿನಲ್ಲಿ ಎಂದಾದರೂ ಒಂದೇ ಬೆಂಚಿನಲ್ಲಿ ಕೂತರೋ ಗೊತ್ತಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ನಾನು ಇಂದಿಗೂ ಕೂತಲ್ಲೇ ಕೂರುತ್ತೇನೆ. ಎದ್ದು ಹೋಗಿ ತೆರೆಯಲು ಅವರಿಬ್ಬರೂ ಇಲ್ಲ.