ಬಣ್ಣಗಾರರ ಹಿತ್ತಲಿನಲ್ಲಿ ನಮ್ಮ ಗೌರಿ

ಮೊಳಕಾಲ್ಮೂರಿಗೆ ಬಂದ ಮರುದಿನ ಬೆಳಗ್ಗೆ ಮುಖ ತೊಳೆಯಲೆಂದು ಹಿತ್ತಲಿಗೆ ಹೋಗಿ ಒಂದು ಚೊಂಬು ನೀರು ಚೆಲ್ಲಿದೆ. ನೀರು ಕೆಂಪಗೆ ಹರಿಯಿತು. ಮಣ್ಣಿನ ಕೆಂಪಲ್ಲ. ಕುರಿ ಕೊಯ್ದ ಜಾಗಕ್ಕೆ ನೀರು ಸುರಿದರೆ ಹರಿಯುತ್ತದಲ್ಲ, ಆ ಕೆಂಪು. ಕಾಲು ಹಿಂದಕ್ಕೆ ಎಳೆದುಕೊಂಡೆ. ಬೆರಳ ಸಂದಿಯಲ್ಲೆಲ್ಲ ಮೆತ್ತಿಕೊಂಡಿತ್ತು.

ಗೋಡೆಯಾಚೆಯಿಂದ ಒಬ್ಬ ಹೆಂಗಸು ನಕ್ಕಳು. "ಹೆದರಬ್ಯಾಡಣ್ಣಾ, ರಕ್ತ ಅಲ್ಲ ಅದು. ಇದು ಬಣ್ಣಗಾರರಿದ್ದ ಮನೆ ಐತಲ್ಲ, ರೇಷ್ಮೆ ಅದ್ದಿದ ನೀರೆಲ್ಲ ಚೆಲ್ಲಿ ಚೆಲ್ಲಿ ನೆಲ ಕುಡಿದುಬಿಟ್ಟೈತೆ." ಪಕ್ಕದ ಮನೆಯ ಓಬುಲಮ್ಮ ಅವಳು.

ಕುರಿ ಮೇಯುವ ಕಾವಲಿನ ಕಡೆಯ ನಮ್ಮ ಹಟ್ಟಿಯ ಜನರೇ, ಹೇಗಿದ್ದೀರಿ, ಯಾವಾಗ ಬರುತ್ತೀರಿ ಎಂದು ಕೇಳುತ್ತಲೇ ಇದ್ದೀರಿ. ಕೂಲಿಮಠದಲ್ಲಿ ಮರಳ ಮೇಲೆ ತೀಡಿದ ಅಕ್ಷರ ನನ್ನದು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಬರೆಯದೆ ಇರಲಾರೆ. ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ. ನನ್ನ ಮೊಮ್ಮಗಳು ಗೌರಿ ಮಾತಾಡಿದಳು! ಹೌದು, ಅವಳೇ. ಪ್ಲೇಗಿನ ಗಡ್ಡೆ ಎದ್ದು ಅವಳ ಅವ್ವ, ನಮ್ಮ ಒಬ್ಬಳೇ ಮಗಳು ಮಲ್ಲಮ್ಮ, ಹೋದಳಲ್ಲ. ಅವಳನ್ನು ಮಣ್ಣು ಮಾಡಿದ ಗುಡ್ಡೆಗೆ ಹಾಲು ತುಪ್ಪ ಬಿಟ್ಟ ದಿನದಿಂದ ಬಾಯಿ ಬಿಡದಿದ್ದ ಕೂಸು. ಅವಳು ಮಾತಾಡಿದಳು. ಹೇಗೆ ಮಾತಾಡಿದಳು ಎಂದು ಹೇಳಹೊರಟರೆ ಮಾತ್ರ ಈಗಲೂ ನನ್ನ ತೋಳಿನ ಕೂದಲು ಎದ್ದು ನಿಲ್ಲುತ್ತವೆ.

ಅಲ್ಲಿ ನಮ್ಮ ಕಣ್ಣಿಗೆ ಅಡ್ಡ ಬರುವುದೇನೂ ಇಲ್ಲ. ಹುಲ್ಲು, ಕುರಿ, ಆಕಾಶ ಅಷ್ಟೇ. ಇಲ್ಲಿ ಎತ್ತ ನೋಡಿದರೂ ಬಂಡೆಯ ಗುಡ್ಡ. ನಾವು ಮಾತಾಡಿದರೆ ಗುಡ್ಡವೂ ಒಂದು ಮಾತು ಸೇರಿಸುತ್ತದೆ. ಅಲ್ಲಿ ನಾನು ಕಂಬಳಿ ನೇಯ್ದವನು, ಇಲ್ಲಿ ಎಲ್ಲರ ಮನೆಯಲ್ಲೂ ರೇಷ್ಮೆ. ಮೊದಲ ದಿನ ಒಂದು ಎಳೆ ಮುಟ್ಟಿದೆ, ನನ್ನ ಬೆರಳಿಗೆ ಸಿಕ್ಕಿ ಸಿಗುರೆದ್ದಿತು. "ನಿಂದು ಕೈಯಲ್ಲಣ್ಣಾ, ಟಗರಿನ ಬೆನ್ನು" ಎಂದಳು ಓಬುಲಮ್ಮ. ಅದಕ್ಕೇ ನೇಯಿಸುವ ಯಜಮಾನರು ನನ್ನನ್ನು ನೀರು ಸೇದುವುದಕ್ಕೂ ಬಣ್ಣದ ಹಂಡೆಗೆ ಸೌದೆ ಇಡುವುದಕ್ಕೂ ಇಟ್ಟುಕೊಂಡು, ಖಾಲಿ ಬಿದ್ದಿದ್ದ ಈ ಮನೆಯನ್ನು ಕೊಟ್ಟರು. ಅಲ್ಲಿ ಮುದ್ದೆ, ಇಲ್ಲಿ ನವಣೆ ಅನ್ನ, ಜೊತೆಗೆ ಪಚ್ಚಡಿ. ಪಚ್ಚಡಿ ಎಂದರೆ ನಮ್ಮ ಚಟ್ನಿಯೇ, ನಾಲಿಗೆ ಮಾತ್ರ ಬೇರೆಯದು ಬೇಕು. ಮಾತಿಗೂ ಹಾಗೆಯೇ. ಬೀದಿಯಲ್ಲಿ ಕನ್ನಡ ಶುರುಮಾಡಿದವರು ತೆಲುಗಿನಲ್ಲಿ ಮುಗಿಸುತ್ತಾರೆ. ಅವರು ನಗುವಲ್ಲಿ ನಾನೂ ನಗುತ್ತಿದ್ದೆ, ಯಾಕೆಂದು ತಿಳಿಯುತ್ತಿರಲಿಲ್ಲ. ನನ್ನ ಹೆಂಡತಿ ಈರಮ್ಮನಂತೂ ಒಲೆ ಬಿಟ್ಟು ಏಳುತ್ತಿರಲಿಲ್ಲ. ಅವಳಿಗೆ ಈ ಊರಿನ ಮಾತು ಬಾರದು, ಕೂಸಿಗೆ ಮಾತೇ ಬೇಡ, ನಡುವೆ ನಾನು.

ಮನೆ ಖಾಲಿಯಿದ್ದುದಕ್ಕೂ ಅದೇ ಪ್ಲೇಗಿನ ಬೇನೆ ಕಾರಣ. ಬಣ್ಣಗಾರನ ಹೆಂಡತಿ ನರಸಮ್ಮ ಸತ್ತಳಂತೆ, ಅವನು ಬೀಗ ಹಾಕದೆಯೇ ಊರು ಬಿಟ್ಟನಂತೆ. ಹಿತ್ತಲು ಅವಳದ್ದೇ. ನಾವು ಬಂದಾಗ ಮಾಗಿಯ ಚಳಿ, ಬರೀ ಕಡ್ಡಿ ನಿಂತಿದ್ದವು. ಶಿವರಾತ್ರಿ ಕಳೆಯಿತು ನೋಡಿ, ಯಾರೋ ಒಳಗಿನಿಂದ ಬಾಗಿಲು ತೆಗೆದ ಹಾಗಾಯಿತು. ಬೇವು ತಾಮ್ರದ ಬಣ್ಣದ ಚಿಗುರು ಬಿಟ್ಟಿತು. ನುಗ್ಗೆ ಬೆಳ್ಳಗೆ ಹೂ ತುಂಬಿಕೊಂಡು ಜೇನ್ನೊಣಗಳಿಂದ ಝೇಂಕರಿಸಿತು. ಸತ್ತಿತೆಂದು ಸೌದೆಗೆ ಕಡಿಯಹೋಗಿದ್ದ ದಾಳಿಂಬೆಯಲ್ಲಿ ಕೆಂಡದಂಥ ಮೊಗ್ಗು. ಆ ಕೆಂಪು ನೆಲದ ಮೇಲೆ ಎಳೆ ಹಸಿರು ನೋಡಿ ನನಗೆ ಕುಣಿಯುವಷ್ಟು ಖುಷಿ. ಖುಷಿಯ ಜೊತೆಗೇ ಒಂದು ಅಂಜಿಕೆ: ನಾವು ನೆಟ್ಟಿದ್ದು ಒಂದೂ ಇಲ್ಲ. ನೆಟ್ಟವಳು ಮಣ್ಣಿನಲ್ಲಿದ್ದಾಳೆ. ಅವಳು ಬರುತ್ತಾಳೆಂದು ಗಿಡಗಳೆಲ್ಲ ಸಿಂಗರಿಸಿಕೊಂಡು ನಿಂತ ಹಾಗಿತ್ತು.

ಮೂಲೆಯಲ್ಲಿ ಒಂದು ಜಾಗ ಬರಿದಾಗಿಯೇ ಇತ್ತು. ಗೌರಿ ದಿನವೂ ಅಲ್ಲಿಗೆ ಹೋಗಿ ಬೊಗಸೆಯಲ್ಲಿ ನೀರು ಬಿಡುತ್ತಿದ್ದಳು, ಥೇಟು ಅವ್ವನ ಗುಡ್ಡೆಗೆ ಹಾಲು ಬಿಟ್ಟ ಹಾಗೆ. ಈರಮ್ಮ ನೋಡಲಾರದೆ ಒಳಗೆ ಹೋಗುತ್ತಿದ್ದಳು. ಒಂದು ಬೆಳಗ್ಗೆ ನಾನು ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದೆ. ಹಿತ್ತಲಿನಲ್ಲಿ ಯಾರೋ ಮೆಲ್ಲಗೆ, ಬೇಡಿಕೊಳ್ಳುವಂತೆ ಮಾತಾಡುತ್ತಿದ್ದರು.

"ರಾ ತಲ್ಲೀ, ರಾ. ಬಯಟಿಕಿ ರಾ."

ಬಾ ತಾಯಿ, ಬಾ, ಹೊರಗೆ ಬಾ. ಅಷ್ಟು ತೆಲುಗು ನನಗೂ ತಿಳಿಯುತ್ತಿತ್ತು. ನೋಡಿದರೆ ಗೌರಿ! ಮಣ್ಣಿಗೆ ಬಾಯಿ ತಾಗುವಷ್ಟು ಬಗ್ಗಿದ್ದಾಳೆ, ಕೈಯೆಲ್ಲ ಕೆಂಪು. ಅವಳ ಮೂಗಿನ ಕೆಳಗೆ ನೆಲ ಬಿರಿದು, ಕಿರುಬೆರಳಿನಂಥ ಒಂದು ಮೊಳಕೆ ಮೇಲೆದ್ದಿದೆ. ಕೊಡ ಕೈಬಿಟ್ಟು ಒಡೆಯಿತು.

"ಕೇಳಿದ್ಯೇನೇ? ಮಾತಾಡಿದ್ಲು ಕಣೇ!" ಎಂದು ನಾನು ಕೂಗಿದ್ದಕ್ಕೆ ಗುಡ್ಡವೂ ಕೂಗಿತು.

ಓಡಿ ಬಂದ ಈರಮ್ಮ, ಗೌರಿ ಮತ್ತೆ ಹಾಗೇ ಕರೆದದ್ದು ಕೇಳಿ ಬಾಗಿಲಲ್ಲೇ ನಿಂತಳು. "ಅದು ನಮ್ಮ ಕೂಸಿನ ಮಾತಲ್ಲರಿ. ಅವಳಿಗೆ ತೆಲುಗು ಯಾರು ಕಲಿಸಿದ್ರು?"

"ಓಬುಲಮ್ಮ ಹಗಲೆಲ್ಲ ಒದರ್ತಾಳಲ್ಲ, ಕಿವಿಗೆ ಬಿದ್ದಿರ್ತೈತೆ."

ಓಬುಲಮ್ಮ ಗೋಡೆಯ ಮೇಲಿಂದ ಇಣುಕಿದವಳು ನಗಲಿಲ್ಲ. "ನಾನು ಒದರೋದು ಕೋಳಿ ಮೇಲೆ, ಸೊಸೆ ಮೇಲೆ. ತಲ್ಲೀ ಅಂತ ಯಾರನ್ನ ಕರ್ದೀನಣ್ಣಾ? ಆ ಮಾತು ನರಸಮ್ಮಂದು. ಸುಗಂಧರಾಜದ ಗಿಡ ಅದು, ಚಳಿಗೆ ಒಣಗಿ ಒಳಗೆ ಹೋಗ್ತೈತೆ. ವರ್ಷಾ ವರ್ಷಾ ಈ ಕಾಲಕ್ಕೆ ಅಲ್ಲೇ ಕುಂತು ಹಂಗೇ ಕರೀತಿದ್ಲು. ಮಕ್ಕಳಿರಲಿಲ್ಲ ಅವಳಿಗೆ."

ಸೆರಗನ್ನು ಬಾಯಿಗೆ ಒತ್ತಿಕೊಂಡು ಇಳಿದು ಹೋದಳು.

ಅಂದಿನಿಂದ ಮನೆಯಲ್ಲಿ ಎರಡು ಪಕ್ಷ. ನನಗೆ ಕೂಸಿನ ಬಾಯಿಂದ ದನಿ ಬಂದರೆ ಸಾಕು, ಯಾವ ಭಾಷೆಯಾದರೇನು, ಯಾರ ಮಾತಾದರೇನು. ಈರಮ್ಮನಿಗೆ ನಿದ್ದೆಯಿಲ್ಲ. "ಸತ್ತ ಬಂಜೆ ನನ್ನ ಮೊಮ್ಮಗಳನ್ನ ಹಿಡ್ಕಂಡವಳೆ. ಮಗಳನ್ನ ಕೊಟ್ಟೆ, ಇವಳನ್ನೂ ಕೊಡ್ಲಾ?" ಎಂದು ಅಳುತ್ತಿದ್ದಳು. ಕೊನೆಗೆ ರಾಂಪುರದಿಂದ ದೆವ್ವ ಬಿಡಿಸುವವನನ್ನು ಕರೆಸಿದಳು. ನನ್ನ ಭಯ ಅವಳಿಗೆ ಹೇಗೆ ಹೇಳಲಿ? ದೆವ್ವದ ಜೊತೆ ಮಾತೂ ಹೊರಟು ಹೋದರೆ? ಮತ್ತೆ ಆ ಮೌನದ ಮನೆಯಲ್ಲಿ ಹೇಗೆ ಬದುಕುವುದು?

ಅವನು ಮಟಮಟ ಮಧ್ಯಾಹ್ನ ಬಂದ. ನಮ್ಮ ಬೇವಿನ ಚಿಗುರನ್ನೇ ಮುರಿದು ಕೈಯಲ್ಲಿ ಹಿಡಿದ. ಗೌರಿ ತನ್ನ ಗಿಡದ ಪಕ್ಕ ಕುಳಿತೇ ಇದ್ದಳು. ಮೊಳಕೆ ಅಷ್ಟರಲ್ಲಿ ಗೇಣುದ್ದ ಆಗಿತ್ತು. ಗಾಳಿಯಿರಲಿಲ್ಲ. ಆದರೂ ಅದು ಅಲುಗುತ್ತಿತ್ತು. ಜೇನ್ನೊಣಗಳ ಸದ್ದೂ ನಿಂತ ಹಾಗೆ ನನಗೆ ಅನ್ನಿಸಿತು.

ಅವನು ಸೊಪ್ಪನ್ನು ಎತ್ತಿ ಹಿಡಿದು ಗದರಿಸಿದ. "ಎವರದಿ? ಪೇರು ಚೆಪ್ಪು!" ಯಾರದು, ಹೆಸರು ಹೇಳು ಎಂದು.

ನರಸಮ್ಮ ಎನ್ನುತ್ತಾಳೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಗೌರಿ ಅವನನ್ನು ನೋಡಲಿಲ್ಲ. ಕೆಂಪು ಬೆರಳಿನಿಂದ ಎಲೆಯನ್ನು ಮುಟ್ಟಿ ಮೆಲ್ಲಗೆ ಹೇಳಿದಳು:

"ಮಲ್ಲಮ್ಮ."

ಮಗಳು ಸತ್ತ ಮೇಲೆ ಆ ಹೆಸರನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಹಿತ್ತಲಿನ ತುಂಬ ಅದು ನಿಂತುಕೊಂಡಿತು.

"ಯಾರವ್ವ ಈ ಮಲ್ಲಮ್ಮ?" ಎಂದ ಅವನು. "ಬದುಕವಳೋ, ಸತ್ತವಳೋ?"

"ನನ್ನ ಮಗಳು," ಎಂದಳು ಈರಮ್ಮ. "ಸತ್ತವಳೆ."

"ಹಂಗಾದ್ರೆ ಇವಳೇ. ಸಿಕ್ಕಳು ಬಿಡು. ಇವತ್ತು ಹೊತ್ತು ಮುಳುಗೋದರೊಳಗೆ ಓಡಿಸ್ತೀನಿ."

ಈರಮ್ಮ ಹೋಗಿ ಅವನ ಕೈಯಿಂದ ಬೇವಿನ ಸೊಪ್ಪು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಕೂಸಿನ ಕೈಯಿಂದ ಕುಡುಗೋಲು ತೆಗೆಯುವ ಹಾಗೆ ತೆಗೆದುಕೊಂಡಳು. "ಓಡಿಸಬ್ಯಾಡ್ರಿ ಸ್ವಾಮಿ. ಅವಳಾದ್ರೆ ಇರ್ಲಿ."

"ದೆವ್ವ ಸಾಕ್ಕಳೋರನ್ನ ಇವತ್ತೇ ನೋಡಿದ್ದು ನಾನು!"

"ನೋಡಿದ್ರಲ್ಲ, ಬಿಸಿ ಮುದ್ದೆ ಐತೆ, ಉಂಡು ಹೋಗ್ರಿ."

ಅವನು ಉಂಡ. ಎರಡು ಮುದ್ದೆ ಉಂಡ. ತಿರುತಿರುಗಿ ಹಿತ್ತಲಿನ ಕಡೆ ನೋಡುತ್ತಾ ಬೇಗ ಬೇಗ ಉಂಡ.

ಈಗ ಸುಗಂಧರಾಜ ಸೊಂಪಾಗಿದೆ, ಮಲ್ಲಿಗೆ ಮೊಗ್ಗು ಹಿಡಿದಿದೆ. ಒಂದೊಂದು ಚಿಗುರಿಗೂ ಗೌರಿ ನನ್ನ ಕೈ ಹಿಡಿದು ಎಳೆದೊಯ್ಯುತ್ತಾಳೆ, ತೆಲುಗಿನಲ್ಲಿ ಏನೇನೋ ಹೇಳುತ್ತಾಳೆ, ನಾನು ಕನ್ನಡದಲ್ಲಿ ಹೂಂ ಎನ್ನುತ್ತೇನೆ. ಸಂಜೆ ಈರಮ್ಮ ಒಲೆ ಬಿಟ್ಟು ಬಂದು ಗಿಡದ ಹತ್ತಿರ ಕೂತು, ಹಟ್ಟಿಯಲ್ಲಿ ಯಾರ ಮನೆಯ ಮಗ್ಗುಲಲ್ಲಿ ಯಾರಿದ್ದರು, ಯಾರ ಮದುವೆ ಹೇಗಾಯಿತು ಎಂದೆಲ್ಲ ಮಾತಾಡುತ್ತಾಳೆ. ಮೊಮ್ಮಗಳಿಗೆ ಹೇಳುತ್ತಾಳೋ ಇನ್ಯಾರಿಗೋ ನಾನು ಕೇಳಿಲ್ಲ. ಈರಮ್ಮ ನಗುವುದು ಕೇಳಿಸುತ್ತದೆ. ಆ ನಗೆಯ ಹಿಂದೆ ಒಮ್ಮೊಮ್ಮೆ ಇನ್ನೊಂದು ನಗೆ. ಗುಡ್ಡದ ಮಾರುದನಿ ಇರಬೇಕು.

ಯುಗಾದಿಗೆ ಬಂದು ಅಲ್ಲೇ ಉಳಿಯಿರಿ ಎಂದಿದ್ದೀರಿ. ಬರಲಾರೆವು, ಬೇಸರ ಮಾಡಿಕೊಳ್ಳಬೇಡಿ. ಗೌರಿ ಹಿತ್ತಲಿನ ಬಾಗಿಲು ದಾಟಿದಳೆಂದರೆ ಬಾಯಿ ಮುಚ್ಚುತ್ತದೆ. ಬೀದಿಗೆ ಕರೆದೊಯ್ದೆ, ಕೆರೆಗೆ ಕರೆದೊಯ್ದೆ, ತುಟಿ ಬಿಚ್ಚಲಿಲ್ಲ. ಕಾವಲಿನ ಹುಲ್ಲಿನ ವಾಸನೆ ನನ್ನ ಕನಸಿಗೆ ಬರುತ್ತದೆ, ಎದ್ದರೆ ಕೈ ಕೆಂಪಗಿರುತ್ತದೆ. ಏನು ಮಾಡಲಿ, ಕೂಸಿನ ಮಾತು ಇರುವ ಕಡೆ ನಾನಿರಬೇಕು.

ಅಲ್ಲಿ ಮಲ್ಲಮ್ಮನ ಗುಡ್ಡೆಯ ಮೇಲೆ ಅಮಾವಾಸ್ಯೆಗೆ ದೀಪ ಇಡುವುದನ್ನು ಮಾತ್ರ ನಿಲ್ಲಿಸಬೇಡಿ. ಮಾಗಿ ಬಂದು ಈ ಗಿಡ ಮತ್ತೆ ಮಣ್ಣಿನೊಳಗೆ ಹೋದ ಮೇಲೆ ಅವಳು ಎಲ್ಲಿರುತ್ತಾಳೋ ನಮಗೆ ಗೊತ್ತಿಲ್ಲ. ನಿಮ್ಮ ಕಡೆ ಬಂದರೆ ಕತ್ತಲಿರಬಾರದು.