ಮದಿವಿ ವರ್ಷದ ರೈಲು

ಮದುವೆಯಾಗಿ ವರ್ಷ ತುಂಬಿತೆಂದು ಗಂಡ ಹೆಂಡತಿ ತಿರುಗಾಡಲು ಹೋಗುವ ರೂಢಿ ಅರವತ್ತರ ದಶಕದ ಆರಂಭದಲ್ಲಿ ನಮ್ಮ ಕಡೆ ಇರಲಿಲ್ಲ. ನನ್ನ ಗಂಡ ಟಿಕೋಟಾದ ಕನ್ನಡ ಶಾಲೆಯಲ್ಲಿ ಮಾಸ್ತರ. ಸೊಲ್ಲಾಪುರದವರು ಯಾರೋ ಹಾಗೆ ಹೋದದ್ದನ್ನು ನೋಡಿ ಈ ಹೊಸ ಗಾಳಿ ಅವರಿಗೆ ತಾಗಿತ್ತು. ಆದರೆ ನನಗೆ ಹೇಳಲಿಲ್ಲ. ನಾನು ಬಬಲೇಶ್ವರದಿಂದ ಆ ಮನೆಗೆ ಬಂದು ವರ್ಷವಾದರೂ, ನಾಲ್ಕು ಜನರ ಮುಂದೆ ಅವರು ನನ್ನ ಜೊತೆ ನೇರವಾಗಿ ಮಾತಾಡಿದವರಲ್ಲ. ಕೋಣೆಯೊಳಗಿನ ಮಾತು ಬೇರೆ. ಹೊರಗೆ ಏನಿದ್ದರೂ ಅತ್ತೆಯ ಮೂಲಕ: ‘ಅಕಿಗೆ ಚಾ ಮಾಡಂತ ಹೇಳಬೇ.’ ನಾನು ಎದುರಿಗೇ ನಿಂತಿರುತ್ತಿದ್ದೆ. ಮೈ ಉರಿಯುತ್ತಿತ್ತು.

ಅವತ್ತೂ ಅತ್ತೆಗೇ ಹೇಳಿದರು. ‘ಯವ್ವಾ, ನಾಳೆ ನಮ್ಮ ಮದಿವಿ ವರ್ಷ. ಬಿಜಾಪುರಕ್ಕ ಹೋಗಿ ಮ್ಯೂಸಿಯಂ ನೋಡಿ, ರೈಲಾಗ ಕುಂತು ಬರ್ತೇವಿ.’ ವಿಜಯಪುರಕ್ಕೆ ಆಗ ಬಿಜಾಪುರವೆಂದೇ ಹೆಸರು.

ಬೀಸುಕಲ್ಲು ತಿರುಗಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. ‘ವರ್ಷಾ ಮಾಡೂದು ಸತ್ತವರಿಗೋ. ಬದುಕಿದವರು ಹಂಗ ಅನಬಾರದು.’

ಎಷ್ಟು ತಿಳಿಸಿ ಹೇಳಿದರೂ ಅವರ ಜೀವ ಒಪ್ಪಲಿಲ್ಲ. ಮರುದಿನ ರೊಟ್ಟಿಯ ಗಂಟು ಹಿಡಿದುಕೊಂಡು, ‘ನಿಮ್ಮಿಬ್ಬರನ್ನ ಕಳಿಸಿ ನನಗ ಮನ್ಯಾಗ ಕುಂಡ್ರಾಕ ಆಗೂದಿಲ್ಲ’ ಎಂದು ನಮಗಿಂತ ಮೊದಲೇ ಬಸ್ಸು ಹತ್ತಿ ಕುಳಿತರು. ಗಂಡನ ಜೊತೆ ಒಂದು ದಿನವಾದರೂ ಸಿಕ್ಕೀತು ಎಂಬ ನನ್ನ ಆಸೆಗೆ ಅಲ್ಲೇ ಮಣ್ಣು ಬಿತ್ತು.

ಗೋಳಗುಮ್ಮಟದ ಮುಂದಿನ ಮ್ಯೂಸಿಯಮ್ಮಿನಲ್ಲಿ ತಾಯಿ ಮಗ ಮುಂದೆ, ನಾನು ಹಿಂದೆ. ಬಾದಶಹರ ಕಾಲದ ಚೀನಿ ತಟ್ಟೆ, ಕತ್ತಿ, ಶಾಸನದ ಕಲ್ಲು ಎಲ್ಲವನ್ನೂ ಗಂಡ ತಾಯಿಗೆ ಪಾಠ ಮಾಡಿದ ಹಾಗೆ ವಿವರಿಸಿದರು. ಅತ್ತೆಗೆ ಅದು ಬೇಕಿರಲಿಲ್ಲ. ‘ಇಷ್ಟ ದೊಡ್ಡ ತಾಟು, ತಿಕ್ಕಿ ತೊಳದಾಕಿ ಯಾರೋ’ ಎಂದಷ್ಟೇ ಕೇಳಿದರು. ಬೇಕಿದ್ದವಳು ನಾನು. ಏಳನೆಯ ಇಯತ್ತೆ ಮುಗಿಸಿದ್ದೆ. ಆ ಶಾಸನದಲ್ಲಿ ಏನು ಬರೆದಿದೆ ಎಂದು ಕೇಳುವ ಮನಸ್ಸಿತ್ತು. ಅತ್ತೆಯ ಮೂಲಕ ಕೇಳಲು ಮನಸ್ಸಾಗದೆ ಅವರ ಹಿಂದೆ ನಡೆದೆ.

ಸ್ಟೇಷನ್ನು ಅಲ್ಲಿಂದ ದೂರವಿಲ್ಲ. ಮುಂದಿನ ಊರಿನ ತನಕ ಹೋಗಿ ಎದುರು ಗಾಡಿಗೆ ವಾಪಸು ಬರುವುದೆಂದು ಟಿಕೀಟು ತೆಗೆಸಿದರು. ಡಬ್ಬಿಯಲ್ಲಿ ಸಂತೆಗೆ ಹೊರಟ ಜನ ಕಿಕ್ಕಿರಿದಿದ್ದರು. ಕಿಟಕಿಯ ಹತ್ತಿರ ನಾನು, ಪಕ್ಕದಲ್ಲಿ ಅತ್ತೆ, ಎದುರಿಗೆ ಗಂಡ. ಎಂಜಿನ್ನು ಸಿಳ್ಳೆ ಹಾಕಿ ಹೊರಟದ್ದೇ ತಡ, ನನ್ನ ಸಿಟ್ಟು ಎಲ್ಲಿ ಹೋಯಿತೋ. ಮೊದಲ ಸಲ ರೈಲು ಹತ್ತಿದವಳು ನಾನು. ತಿರುವಿನಲ್ಲಿ ಎಂಜಿನ್ನು ಕಾಣುತ್ತದೆಂದು ಕಿಟಕಿಯ ಹೊರಗೆ ಇಣುಕಿದೆ. ಹೊಗೆಯ ಜೊತೆ ಹಾರಿಬಂದ ಕಲ್ಲಿದ್ದಲ ಚೂರು ಬಲಗಣ್ಣಿಗೆ ಹೊಕ್ಕಿತು.

ಸೆರಗಿನಿಂದ ತಿಕ್ಕಿದಷ್ಟೂ ಉರಿ. ಕಣ್ಣೀರು ಧಾರೆಯಾಗಿ ಸುರಿಯತೊಡಗಿತು.

‘ಅಕಿಗೆ ಕಣ್ಣು ತಿಕ್ಕಬ್ಯಾಡಂತ ಹೇಳಬೇ’ ಎಂದರು ಗಂಡ.

‘ನೀನ ಹೇಳೋ. ಬಾಯಿಲ್ಲೇನು ನಿನಗ? ಎದ್ದು ಬಂದು ಊದು’ ಎಂದ ಅತ್ತೆ, ಮುಖವನ್ನು ಆ ಕಡೆಯ ಕಿಟಕಿಗೆ ತಿರುಗಿಸಿಬಿಟ್ಟರು.

ಗಂಡ ಸುತ್ತಲಿನವರನ್ನೊಮ್ಮೆ ನೋಡಿದರು. ಎದ್ದು ಬಂದು, ಗಾಡಿಯ ಕುಲುಕಾಟಕ್ಕೆ ಬೀಳದಂತೆ ಒಂದು ಕೈ ಕಿಟಕಿಗೆ ಆನಿಸಿ, ಇನ್ನೊಂದರಿಂದ ನನ್ನ ರೆಪ್ಪೆ ಬಿಡಿಸಿ ಊದಿದರು. ಆಮೇಲೆ ಧೋತರದ ತುದಿಯನ್ನು ಸಣ್ಣಗೆ ಸುತ್ತಿ ಮೆಲ್ಲಗೆ ಒರೆಸಿದರು. ಎದುರಿನ ಮುದುಕ ನೆಟ್ಟ ನೋಟ ಕೀಳದೆ ನೋಡುತ್ತಿದ್ದ. ಗಂಡ ಕೈ ತೆಗೆಯಲಿಲ್ಲ. ಚೂರು ಹೊರಗೆ ಬಂತು, ಕಣ್ಣು ತಣ್ಣಗಾಯಿತು.

‘ಹೋತೇನು?’ ಎಂದು ಕೇಳಿದರು. ಅತ್ತೆಯನ್ನಲ್ಲ, ನನ್ನನ್ನು.

‘ಇಲ್ರಿ, ಇನ್ನೂ ಚುಚ್ಚಾಕತ್ತೈತಿ’ ಎಂದೆ.